ವಾರಕ್ಕೆರಡು ದಿನದ ಲಾನ್ ಕೆಲಸ: ಕಡಿಮೆ ದುಡ್ಡಿನಲ್ಲಿ ಯಾವ ಮಷೀನು ಮೊದಲು, ಯಾವುದು ಆಮೇಲೆ

ಮೃಗಶಿರ ಮಳೆ ಎರಡು ಸಲ ಸರಿಯಾಗಿ ಹೊಡೆದರೆ ಸಾಕು, ಬೆಳಗಾವಿಯ ಟಿಳಕವಾಡಿ, ಸದಾಶಿವನಗರ, ಹನುಮಾನನಗರದ ಮನೆಗಳ ಮುಂದಿನ ಲಾನಿನಲ್ಲಿ ಪಾದ ಮುಳುಗುತ್ತದೆ. ಕೊಯ್ಯುವವರಿಗಾಗಿ ಮನೆಯವರು ಫೋನ್ ಮೇಲೆ ಫೋನ್ ಮಾಡುತ್ತಾರೆ. ಶನಿವಾರ, ರವಿವಾರ ಬಿಡುವಿರುವವರಿಗೆ ಇದು ಒಳ್ಳೆಯ ಕೆಲಸ. ಹೆಚ್ಚಿನವರು ಎಡವುವುದು ಮೊದಲ ದಿನವೇ, ಅದೂ ಅಂಗಡಿಯಲ್ಲಿ. 52 ಸಿಸಿ (ಎಂಜಿನ್ನಿನ ಗಾತ್ರ) ಎಂಬ ದೊಡ್ಡ ಅಂಕಿ ನೋಡಿ, ಎಲ್ಲಕ್ಕಿಂತ ಅಗ್ಗದ ಮಷೀನು ಹೊತ್ತು ತರುತ್ತಾರೆ. ಅದರಿಂದ ಲಾನ್ ಹೊಡೆದ ಎರಡು ದಿನಕ್ಕೆ ಹುಲ್ಲಿನ ತುದಿಯೆಲ್ಲ ಕಂದುಗಟ್ಟುತ್ತದೆ, ಅಲ್ಲಲ್ಲಿ ಬಟ್ಟಲು ಬಟ್ಟಲಾಗಿ ಮಣ್ಣು ಕಾಣುತ್ತದೆ. ಆ ಮನೆಯವರು ಮತ್ತೆ ಕರೆಯುವುದಿಲ್ಲ.

ಲಾನ್ ಚೆಂದ ಕಾಣುವುದು ಎಂಜಿನ್ನಿನ ಸಿಸಿಯಿಂದಲ್ಲ, ಧಾರದಿಂದ. ಹಾಗಾಗಿ ಇರುವ ದುಡ್ಡನ್ನು ಹೀಗೆ ಹಂಚಿಕೊಳ್ಳಿ: ನಿಮ್ಮ ಊರಿನಲ್ಲೇ ರಿಪೇರಿ ಆಗುವ ಒಂದೇ ಒಂದು ಎಂಜಿನ್, ಕೈಯಿಂದ ದೂಡಿ ಹುಲ್ಲು ಕೊಯ್ಯುವ ಒಂದು ಕೈಮೋವರ್, ಒಳ್ಳೆಯ ಬ್ಲೇಡು, ಅರ, ಕಣ್ಣು ಕಾಲಿಗೆ ರಕ್ಷಣೆ. ಮೊದಲ ವರ್ಷಕ್ಕೆ ಇಷ್ಟು ಸಾಕು.

ಮೊದಲು ನಿಮ್ಮ ಊರಿನ ಹುಲ್ಲು ನೋಡಿ

ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಿಗೆ ಒಂದೇ ಪಟ್ಟಿ ಹೊಂದುವುದಿಲ್ಲ. ಬೆಳಗಾವಿಯಲ್ಲಿ ಮಳೆ ಜೋರು, ಮಣ್ಣು ಕೆಂಪು, ಮನೆ ಮುಂದೆ ಲಾನ್ ಬೆಳೆಸುವ ರೂಢಿ ಹಳೆಯದು. ಕ್ಯಾಂಪ್ ಭಾಗದ ಹಳೆಯ ಬಂಗಲೆಗಳಲ್ಲಿ ಐದಾರು ಗುಂಟೆಯ ಹುಲ್ಲುಹಾಸುಗಳೂ ಇವೆ. ಇಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ವಾರ, ಹತ್ತು ದಿನಕ್ಕೊಮ್ಮೆ ಅದೇ ಮನೆಗೆ ಹೋಗಬೇಕಾಗುತ್ತದೆ. ಅದೇ ಲಾನನ್ನು ಪದೇ ಪದೇ ಸಮನಾಗಿ ಕೊಯ್ಯಲು ಗಾಲಿಯ ಮೇಲೆ ದೂಡುವ ಮೋವರ್ ಬೇಕೇ ಬೇಕು.

ವಿಜಯಪುರದಲ್ಲಿ ಮಳೆ ಕಡಿಮೆ, ಬಂದರೂ ಸೆಪ್ಟೆಂಬರ್‌ನಲ್ಲೇ ಹೆಚ್ಚು. ಲಾನ್ ಇರುವ ಮನೆಗಳು ಎಣಿಕೆಯಷ್ಟು. ಇಲ್ಲಿನ ಕೆಲಸವೆಂದರೆ ಖಾಲಿ ಪ್ಲಾಟು, ಶಾಲೆಯ ಮೈದಾನ, ಲೇಔಟಿನ ರಸ್ತೆಬದಿ, ಗೋದಾಮಿನ ಹಿತ್ತಲು. ಅಲ್ಲಿ ಎದುರಾಗುವುದು ಕಾಂಗ್ರೆಸ್ ಕಸ, ಜೇಕು, ಮುಳ್ಳುಗಿಡ. ಇದಕ್ಕೆ ಬ್ರಷ್ ಕಟರ್ (ಉದ್ದ ದಂಡದ ತುದಿಯಲ್ಲಿ ಬ್ಲೇಡು ತಿರುಗಿಸಿ ಕಸ ಹೊಡೆಯುವ ಮಷೀನು) ಒಂದೇ ಸಾಕು, ಮೋವರ್ ಕೊಂಡರೆ ಧೂಳು ತಿನ್ನುತ್ತ ಕೂರುತ್ತದೆ. ಬಾಗಲಕೋಟೆ ಎರಡರ ನಡುವೆ: ನವನಗರದ ಸೆಕ್ಟರುಗಳಲ್ಲಿ ಮನೆ ಸುತ್ತ ಜಾಗ ಬಿಟ್ಟು ಕಟ್ಟಿದ್ದಾರೆ, ಸಣ್ಣ ಲಾನುಗಳಿವೆ, ಪಕ್ಕದಲ್ಲೇ ಕಸ ಬೆಳೆದ ಖಾಲಿ ಪ್ಲಾಟುಗಳೂ ಇವೆ. ಎರಿ ಭೂಮಿಯಲ್ಲಿ ಇನ್ನೊಂದು ತೊಡಕುಂಟು. ಮಳೆ ಬಿದ್ದ ಎರಡು ದಿನ ಮೋವರಿನ ಗಾಲಿಗೆ ಮಣ್ಣು ಮೆತ್ತಿ ಮಷೀನು ಮುಂದೆ ಹೋಗುವುದಿಲ್ಲ, ಗಾಲಿ ಇಳಿದ ಕಡೆ ಬ್ಲೇಡು ಬುಡವನ್ನೇ ಬೋಳಿಸುತ್ತದೆ. ಬ್ರಷ್ ಕಟರ್ ನಿಮ್ಮ ಹೆಗಲ ಮೇಲಿರುವುದರಿಂದ ಅದಕ್ಕೆ ಈ ಕಾಟವಿಲ್ಲ.

ಕೊಳ್ಳುವ ಮೊದಲು ಎರಡು ಸಂಜೆ ನಿಮ್ಮ ಭಾಗದ ನಾಲ್ಕು ಓಣಿ ತಿರುಗಿ. ಲಾನ್ ಎಷ್ಟು, ಖಾಲಿ ಪ್ಲಾಟು ಎಷ್ಟು, ಹುಲ್ಲು ಯಾವ ಜಾತಿ ಎಂದು ಬರೆದುಕೊಳ್ಳಿ. ಕರಕಿ ಜಾತಿಯ ಹುಲ್ಲನ್ನೂ ನರ್ಸರಿಯವರು ಮೆಕ್ಸಿಕನ್ ಎಂದು ಕೊಡುವ ಸಣ್ಣೆಲೆಯ ಹುಲ್ಲನ್ನೂ ಒಂದರಿಂದ ಒಂದೂವರೆ ಇಂಚಿಗೆ ನಿಲ್ಲಿಸಬಹುದು. ಅಗಲ ಎಲೆಯ ಬಫಲೋ ಹುಲ್ಲಿಗೆ ಎರಡು ಇಂಚಾದರೂ ಬೇಕು. ಗುರುತು ಸಿಗದಿದ್ದರೆ ಒಂದು ಹಿಡಿ ಬುಡಸಮೇತ ಕಿತ್ತು ನರ್ಸರಿಯವರಿಗೆ ತೋರಿಸಿ. ಬಾಗಲಕೋಟೆಯವರಿಗೆ ತೋಟಗಾರಿಕೆ ವಿಶ್ವವಿದ್ಯಾಲಯವೇ ಊರಲ್ಲಿದೆ.

ಮೊದಲ ಎಂಜಿನ್: ಬ್ರಷ್ ಕಟರ್

ಮೂರೂ ಊರಿಗೆ ಮೊದಲ ಮಷೀನು ಇದೇ. ಪ್ಲಾಟಿನ ಕಸವನ್ನೂ ಹೊಡೆಯುತ್ತದೆ, ಮಂಡಿಯುದ್ದ ಬಿಟ್ಟ ಲಾನನ್ನೂ ಮೊದಲ ಸಲ ಇಳಿಸುತ್ತದೆ, ಗೋಡೆ ಬದಿಯ ಅಂಚನ್ನೂ ತೆಗೆಯುತ್ತದೆ. ಬೆನ್ನಿಗೆ ಹೊರುವುದಕ್ಕಿಂತ ಹೆಗಲಿಗೆ ಬೆಲ್ಟ್ ಹಾಕುವ ಸೈಡ್ ಪ್ಯಾಕ್ ಮಾದರಿ ಮೊದಲಿಗರಿಗೆ ಸರಿ. ದಂಡ ನೆಟ್ಟಗಿರುತ್ತದೆ, ಎರಡು ಕೈ ಹಿಡಿಕೆ ಇರುತ್ತದೆ, ಕೊಯ್ತ ಸಮ ಬರುತ್ತದೆ. ಬೆನ್ನಿನದು ಕಾಲುವೆ ದಂಡೆ, ಏರು ತಗ್ಗಿನ ತೋಟಕ್ಕೆ ಒಳ್ಳೆಯದು.

ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕೋ, ಆಯಿಲ್ ಬೇರೆ ಹಾಕುವ ಫೋರ್ ಸ್ಟ್ರೋಕೋ ಎಂಬ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟ: ಮನೆಗಳ ನಡುವೆ ಕೆಲಸ ಮಾಡುವವರು ಫೋರ್ ಸ್ಟ್ರೋಕ್ ತೆಗೆದುಕೊಳ್ಳಿ, ಮೊದಲಿಗೆ ದುಡ್ಡು ಹೆಚ್ಚಾದರೂ ಸರಿ. ಸದ್ದು ತಗ್ಗು, ಹೊಗೆ ಇಲ್ಲ, ಆಯಿಲ್ ಬೆರೆಸುವ ತಾಪತ್ರಯವಿಲ್ಲ, ಪೆಟ್ರೋಲೂ ಉಳಿಯುತ್ತದೆ. ಈ ವರ್ಗದಲ್ಲಿ ಹೆಚ್ಚು ಓಡುವುದು 35 ಸಿಸಿ ಎಂಜಿನ್. ಉದಾಹರಣೆಗೆ ಹೋಂಡಾದ ಜಿಎಕ್ಸ್35 ಎಂಜಿನ್ 35.8 ಸಿಸಿ, ಅದಕ್ಕೆ 10ಡಬ್ಲ್ಯು-30 ಆಯಿಲ್ ಬರೀ 100 ಮಿ.ಲೀ. ಹಿಡಿಯುತ್ತದೆ. ಕಡಿಮೆ ಹಿಡಿಯುತ್ತದೆಂದೇ ಎಚ್ಚರ ಬೇಕು: ಅದರಲ್ಲಿ 30 ಮಿ.ಲೀ. ಇಳಿದರೂ ಮೂರನೇ ಒಂದು ಭಾಗ ಹೋದಂತೆ. ಪ್ರತಿದಿನ ಕೆಲಸಕ್ಕೆ ಮುಂಚೆ ಎಂಜಿನ್ನನ್ನು ಮಟ್ಟಸ ಇಟ್ಟು, ಮುಚ್ಚಳ ತೆಗೆದು, ಆಯಿಲ್ ಕತ್ತಿನ ತನಕ ಇದೆಯೇ ನೋಡಬೇಕು. ಮೊದಲ ಬದಲಾವಣೆ 10 ಗಂಟೆಗೆ, ಆಮೇಲೆ ಪ್ರತಿ 50 ಗಂಟೆಗೆ. ವಾರಕ್ಕೆ ಐದು ಗಂಟೆ ಓಡಿಸುವವರಿಗೆ ಇದು ಹತ್ತು ವಾರಕ್ಕೊಮ್ಮೆ ಬರುತ್ತದೆ.

ಟೂ ಸ್ಟ್ರೋಕ್ ಅಗ್ಗ, ಬಿಡಿಭಾಗ ಸುಲಭ, ಬಲವೂ ಇದೆ. ಖಾಲಿ ಪ್ಲಾಟುಗಳನ್ನೇ ಹಿಡಿಯುವ ವಿಜಯಪುರದವರಿಗೆ ಅದು ತಪ್ಪು ಆಯ್ಕೆಯಲ್ಲ. ಮಿಶ್ರಣ ಮಾತ್ರ ಅಳತೆಯಲ್ಲಿರಬೇಕು. ಮಷೀನಿನ ಜೊತೆ ಬಂದ ಪುಸ್ತಕದಲ್ಲಿ 25:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. 2ಟಿ (ಟೂ ಸ್ಟ್ರೋಕ್) ಆಯಿಲ್, 50:1 ಎಂದಿದ್ದರೆ 20 ಮಿ.ಲೀ. ಬಾಟಲಿ ಮುಚ್ಚಳದಲ್ಲಿ ಅಂದಾಜಿಗೆ ಸುರಿಯಬೇಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 20 ಮಿ.ಲೀ. ಸಿರಿಂಜು ಇಟ್ಟುಕೊಂಡರೆ ಕೆಲಸ ಕರಾರುವಾಕ್ಕು. ಆಯಿಲ್ ಹೆಚ್ಚಾದರೆ ಹೊಗೆ, ಸ್ಪಾರ್ಕ್ ಪ್ಲಗ್ ಕಪ್ಪಾಗಿ ಒದ್ದೆಯಾಗುವುದು, ಸೈಲೆನ್ಸರ್ ಕಟ್ಟುವುದು, ಇಷ್ಟರಲ್ಲೇ ಮುಗಿಯುತ್ತದೆ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಹೋಗುತ್ತದೆ, ಆ ರಿಪೇರಿಗೆ ಅರ್ಧ ಮಷೀನಿನ ದುಡ್ಡು ಬೇಕು. ಮನೆಯಲ್ಲಿ ಬೈಕಿನ ಪೆಟ್ರೋಲ್ ಕ್ಯಾನೂ ಇದ್ದರೆ, ಮಿಶ್ರಣದ ಕ್ಯಾನಿಗೆ ಕೆಂಪು ಟೇಪು ಸುತ್ತಿ ಬೇರೆ ಇಡಿ. ಬೈಕಿಗೆ ಹಾಕುವ 20ಡಬ್ಲ್ಯು-40 ಆಯಿಲ್ 2ಟಿ ಬದಲಿಗೆ ಬರುವುದಿಲ್ಲ. ಅದು ಸರಿಯಾಗಿ ಉರಿಯದೆ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ.

ಅಂಗಡಿಯಲ್ಲಿ ಬೆಲೆ ಕೇಳುವ ಮುಂಚೆ ಈ ಪ್ರಶ್ನೆ ಕೇಳಿ: "ಇದರ ಕಾರ್ಬೊರೇಟರ್, ಕ್ಲಚ್, ಸ್ಟಾರ್ಟರ್ ಹಗ್ಗದ ಸೆಟ್ ಈಗ ನಿಮ್ಮಲ್ಲಿ ಇದಾವೇನ್ರಿ? ತೆಗೆದು ತೋರಸ್ರಿ." ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರೆ ಆ ಮಷೀನು ಕೊಳ್ಳಬಹುದು. "ತರಿಸಿ ಕೊಡ್ತೀವಿ" ಎಂದರೆ ಆಗಸ್ಟಿನ ಮೂರು ರವಿವಾರ ಕಳೆದುಕೊಳ್ಳಲು ಸಿದ್ಧರಾಗಿರಬೇಕು. ಆನ್‌ಲೈನಿನಲ್ಲಿ ಸಾವಿರ, ಎರಡು ಸಾವಿರ ಉಳಿಸಿ ಹೆಸರಿಲ್ಲದ ಮಷೀನು ತರಿಸುವುದನ್ನು ನಾವು ಬೇಡವೆನ್ನುವುದು ಇದೇ ಕಾರಣಕ್ಕೆ.

ಬ್ಲೇಡು ಮತ್ತು ನೈಲಾನ್ ದಾರ

ಇಡೀ ಕೆಲಸದ ಗುಣ ಇಲ್ಲಿದೆ. ಮಷೀನಿನ ಜೊತೆ ಸಾಮಾನ್ಯವಾಗಿ ಮೂರು ಹಲ್ಲಿನ ಬ್ಲೇಡು, ನೈಲಾನ್ ದಾರದ ತಲೆ (ತಿರುಗುವ ದಾರದಿಂದಲೇ ಹುಲ್ಲು ಹೊಡೆಯುವುದು) ಬರುತ್ತವೆ. ಬ್ಲೇಡಿನ ನಡುವಿನ ತೂತು ಹೆಚ್ಚಾಗಿ 25.4 ಮಿ.ಮೀ. ಇರುತ್ತದೆ. ಹೊಸ ಬ್ಲೇಡು ತರುವಾಗ ಹಳೆಯದನ್ನು ಒಯ್ದು ಮೇಲಿಟ್ಟು ನೋಡಿ, ತೂತು ಒಂದು ಕೂದಲೆಳೆ ದೊಡ್ಡದಾದರೂ ಬ್ಲೇಡು ಅಲ್ಲಾಡಿ ದಂಡವೆಲ್ಲ ನಡುಗುತ್ತದೆ.

ಮೂರು ಹಲ್ಲಿನದು ದಪ್ಪ ಹುಲ್ಲು, ಎಳೆ ಕಾಂಗ್ರೆಸ್ ಕಸಕ್ಕೆ. ತುದಿಗೆ ಕಾರ್ಬೈಡ್ ಕೂಡಿಸಿದ 80 ಹಲ್ಲಿನದು ಬಲಿತ ಕಡ್ಡಿ, ಹೆಬ್ಬೆರಳು ದಪ್ಪದ ಪೊದೆಗೆ. ಕಲ್ಲಿಗೆ ತಾಗಿದರೆ ಇದರ ತುದಿ ಹಾರುತ್ತದೆ, ಹಾರಿದ ತುದಿ ಗುಂಡಿನ ಹಾಗೆ ಬರುತ್ತದೆ. ಬಾಗಲಕೋಟೆ, ಇಳಕಲ್ಲ ಕಡೆಯ ಕಲ್ಲು ಹೆಚ್ಚಿರುವ ಪ್ಲಾಟುಗಳಲ್ಲಿ ಇದನ್ನು ಹಾಕಬೇಡಿ. ಗೋಡೆ, ಕಟ್ಟೆ, ಕಲ್ಲಿನ ಹತ್ತಿರ ಯಾವಾಗಲೂ ನೈಲಾನ್.

ಬ್ಲೇಡು ಬಿಚ್ಚುವಾಗ ಹೊಸಬರು ಮಾಡುವ ತಪ್ಪೆಂದರೆ, ನಟ್ ಬಿಗಿಯಾಗಿದೆ ಎಂದು ಇನ್ನಷ್ಟು ಬಲ ಹಾಕಿ ತಿರುವಿ ಥ್ರೆಡ್ ಹರಿದುಹಾಕುವುದು. ಬಹುತೇಕ ಬ್ರಷ್ ಕಟರುಗಳಲ್ಲಿ ಈ ನಟ್ ಉಲ್ಟಾ ಥ್ರೆಡ್ಡಿನದು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುವಿದರೆ ಬಿಚ್ಚುತ್ತದೆ. ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಿ. ಗೇರ್ ಹೆಡ್ಡಿನ (ದಂಡದ ತುದಿಯ ಗೇರ್ ಪೆಟ್ಟಿಗೆ) ತೂತಿಗೂ ಬ್ಲೇಡು ಕೂರುವ ತಟ್ಟೆಯಾದ ಫ್ಲೇಂಜಿನ ತೂತಿಗೂ ಕೂಡಿಸಿ ಅಲನ್ ಕೀ ತೂರಿಸಿ, ಶಾಫ್ಟ್ ತಿರುಗದಂತೆ ಹಿಡಿಯಿರಿ. ಆಮೇಲೆ ಪಾನಾ ಹಾಕಿ.

ನೈಲಾನ್ ದಾರ 35 ಸಿಸಿ ಒಳಗಿನ ಮಷೀನಿಗೆ 2.4 ಮಿ.ಮೀ., ಅದಕ್ಕಿಂತ ದೊಡ್ಡದಕ್ಕೆ 3 ಮಿ.ಮೀ. ದಪ್ಪ ದಾರ ಹಾಕಿದರೆ ಬೇಗ ಕೆಲಸ ಆದೀತೆಂದು ಸಣ್ಣ ಎಂಜಿನ್ನಿಗೆ ಹಾಕಿದರೆ ಸುತ್ತು ಇಳಿದು ಕ್ಲಚ್ ಜಾರುತ್ತದೆ, ಸುಟ್ಟ ವಾಸನೆ ಬರುತ್ತದೆ. ತಲೆಯ ಮೇಲಿನ ಬಾಣದ ಗುರುತಿನ ದಿಕ್ಕಿಗೇ ಸುತ್ತಬೇಕು, ಎರಡು ಎಳೆ ಒಂದರ ಮೇಲೊಂದು ಹಾಯಬಾರದು. ಹಾಯ್ದರೆ ನೆಲಕ್ಕೆ ಕುಟ್ಟಿದಾಗ ದಾರ ಹೊರಬರದೆ ಒಳಗೇ ಬೆಸೆದುಕೊಳ್ಳುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ದಾರ ಒಣಗಿ ಪಟಪಟ ಮುರಿಯುತ್ತದೆ. ಸುತ್ತುವ ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿದರೆ ನೈಲಾನ್ ತೇವ ಹೀರಿ ಮೆತ್ತಗಾಗಿ ಎರಡರಷ್ಟು ಬಾಳಿಕೆ ಬಂದಂತೆ ಅನಿಸುತ್ತದೆ, ಒಮ್ಮೆ ಮಾಡಿ ನೋಡಿ.

ದಾರದ ತಲೆಯ ಹಿಂದಿನ ಪ್ಲಾಸ್ಟಿಕ್ ಗಾರ್ಡಿನಲ್ಲಿ ಸಣ್ಣ ಚಾಕು ಇರುತ್ತದೆ. ಅದು ದಾರವನ್ನು ಅಳತೆಗೆ ಕತ್ತರಿಸಲಿಕ್ಕೆ. ಅಡ್ಡ ಬರುತ್ತದೆಂದು ಗಾರ್ಡ್ ಬಿಚ್ಚಿ ಬಿಸಾಡುವವರು ಬಹಳ. ಬಿಚ್ಚಿದರೆ ದಾರ ಉದ್ದವಾಗಿ ಎಂಜಿನ್ನಿಗೆ ಹೊರೆಯಾಗುತ್ತದೆ, ಕಲ್ಲು ನೇರ ನಿಮ್ಮ ಮೊಣಕಾಲಿಗೆ ಬರುತ್ತದೆ.

ಹೆಚ್ಚಿನ ಮಷೀನುಗಳ ತಲೆ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಉಲ್ಟಾ ದಿಕ್ಕಿಗೆ ಸುತ್ತುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬೀಸುವಾಗ ಕೊಯ್ಯಿರಿ, ಕೊಯ್ದ ಹುಲ್ಲು ಎಡಗಡೆ ಸಾಲಾಗಿ ಬೀಳುತ್ತದೆ. ಬ್ಲೇಡಿನ ಮುಂದಿನ ಬಲಭಾಗ ಗಟ್ಟಿ ಬುಡಕ್ಕೆ ತಾಗಿದರೆ ಮಷೀನು ಒದೆಯುತ್ತದೆ, ಆ ಭಾಗದಿಂದ ಕೊಯ್ಯಲು ಹೋಗಬೇಡಿ.

ಮೋವರ್: ಕೈಯಲ್ಲಿ ದೂಡುವುದೇ ಮೊದಲು

ಬ್ರಷ್ ಕಟರಿನಿಂದ ಲಾನ್ ಸಮ ಬರುವುದಿಲ್ಲ, ನೈಲಾನ್ ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ. ಹರಿದ ತುದಿಯೇ ಕಂದಾಗುವುದು. ವಾರಕ್ಕೊಮ್ಮೆ ಕರೆಯುವ ಮನೆಗಳು ನಾಲ್ಕಾದ ಕೂಡಲೇ 14 ಅಥವಾ 16 ಇಂಚಿನ ಸಿಲಿಂಡರ್ ಮಾದರಿಯ ಕೈಮೋವರ್ ತೆಗೆದುಕೊಳ್ಳಿ. ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಸದ್ದಿಲ್ಲ. ಸುರುಳಿ ಬ್ಲೇಡುಗಳು ಕೆಳಗಿನ ಪಟ್ಟಿಗೆ ಕತ್ತರಿಯ ಹಾಗೆ ತಾಗಿ ಹುಲ್ಲನ್ನು ಕಚಕ್ಕನೆ ಕೊಯ್ಯುತ್ತವೆ. ಇದರಷ್ಟು ನುಣುಪು ಕೊಯ್ತ ಬೇರೆ ಯಾವ ಅಗ್ಗದ ಮಷೀನಿನಿಂದಲೂ ಬರುವುದಿಲ್ಲ.

ಇದರ ಮಿತಿಯೂ ತಿಳಿದಿರಲಿ. ಮೂರು ಇಂಚಿಗಿಂತ ಎತ್ತರದ ಹುಲ್ಲನ್ನು ಇದು ಕೊಯ್ಯದೆ ಮಲಗಿಸಿ ಮೇಲೆ ಹಾಯುತ್ತದೆ. ಜೇಕಿನ ಗಟ್ಟಿ ದಂಟಿಗೆ ನಿಂತುಬಿಡುತ್ತದೆ. ಅದಕ್ಕೇ ಮೊದಲ ಭೇಟಿಗೆ ಬ್ರಷ್ ಕಟರ್, ಎರಡನೆಯ ವಾರದಿಂದ ಕೈಮೋವರ್ ಎಂಬ ಜೋಡಿ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎತ್ತರ ತೆಗೆದರೆ ಹುಲ್ಲು ಬೆಳ್ಳಗಾಗಿ ಸೊರಗುತ್ತದೆ. ಪೂರ್ತಿ ತಗ್ಗಿಸಿ ಎಂದು ಮನೆಯವರು ಒತ್ತಾಯಿಸುವುದು ಸಹಜ. "ಅಕ್ಕಾರ, ಈ ಸಲ ಸ್ವಲ್ಪ ಎತ್ತರಾನೇ ಬಿಡ್ತೀನ್ರಿ, ಮುಂದಿನ ವಾರ ಇನ್ನಷ್ಟು ಇಳಸ್ತೀನಿ, ಇಲ್ಲಾಂದ್ರ ಬುಡ ಬೆಳ್ಳಗ ಕಾಣತೈತಿ" ಎಂದು ಮೊದಲೇ ಹೇಳಿಬಿಡಿ.

ಅಂಗಡಿಯಲ್ಲಿ ಕೈಮೋವರ್ ಆರಿಸಲು ಒಂದು ತುಂಡು ದಿನಪತ್ರಿಕೆ ಸಾಕು. ಮಷೀನನ್ನು ಮಗುಚಿ, ಸುರುಳಿ ಬ್ಲೇಡಿಗೂ ಕೆಳಪಟ್ಟಿಗೂ ನಡುವೆ ಕಾಗದ ಹಿಡಿದು, ಬೆರಳು ದೂರವಿಟ್ಟು, ಸುರುಳಿಯನ್ನು ಕೈಯಿಂದ ನಿಧಾನ ತಿರುಗಿಸಿ. ಎಡ, ನಡು, ಬಲ ಮೂರೂ ಕಡೆ, ಪ್ರತಿ ಬ್ಲೇಡಿಗೂ ಕಾಗದ ಕತ್ತರಿಯಿಂದ ಕತ್ತರಿಸಿದ ಹಾಗೆ ತುಂಡಾಗಬೇಕು. ಒಂದು ಬದಿ ಕತ್ತರಿಸಿ ಇನ್ನೊಂದು ಬದಿ ಮಡಚಿಕೊಂಡರೆ ಪಟ್ಟಿ ಓರೆಯಾಗಿದೆ. ಎರಡು ಬದಿಯ ತಿರುಪುಗಳನ್ನು ಕಾಲು ಸುತ್ತಿನ ಲೆಕ್ಕದಲ್ಲಿ ಬಿಗಿಸಿ ಸರಿಪಡಿಸಬಹುದು. ಸುರುಳಿ ತಿರುಗಿಸುವಾಗ ಕರ್ರೆಂದು ಬಿಗಿ ಬಂದರೆ ಮಿತಿ ಮೀರಿದಿರಿ, ಅರ್ಧಕ್ಕರ್ಧ ಸಡಿಲಿಸಿ. ಎಷ್ಟು ತಿರುವಿದರೂ ನಡುಭಾಗ ಕತ್ತರಿಸದ ಹಳೆಯ ಮಷೀನಿನ ಪಟ್ಟಿ ಸವೆದು ಕುಳಿಬಿದ್ದಿರುತ್ತದೆ, ಅದನ್ನು ಬಿಟ್ಟುಬಿಡಿ. ಬರೀ ಮೊಂಡಾದದ್ದಾದರೆ ಚಿಂತೆಯಿಲ್ಲ: ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟನ್ನು ಬ್ಲೇಡುಗಳ ಅಂಚಿಗೆ ಸವರಿ, ಸುರುಳಿಯನ್ನು ಉಲ್ಟಾ ದಿಕ್ಕಿಗೆ ಹತ್ತು ನಿಮಿಷ ತಿರುಗಿಸಿದರೆ ಧಾರ ಮರಳುತ್ತದೆ. ಪೇಸ್ಟನ್ನು ಸೀಮೆಎಣ್ಣೆಯಿಂದ ಪೂರ್ತಿ ತೊಳೆಯಬೇಕು, ಉಳಿದರೆ ಬೇರಿಂಗ್ ತಿನ್ನುತ್ತದೆ.

ಕರೆಂಟಿನ ಮೋವರ್ ಎರಡನೆಯ ವರ್ಷದ ಮಾತು. 1,000ದಿಂದ 1,300 ವ್ಯಾಟಿನ, 32 ಸೆಂ.ಮೀ. ಅಗಲದ್ದು ಸ್ಕೂಟರಿನ ಮುಂದೆ ಇಟ್ಟು ಒಯ್ಯಬಹುದು. ಲೆಕ್ಕ ಹೀಗೆ: ಒಂದರ ಮೇಲೊಂದು ಹಾಯುವುದನ್ನು ಕಳೆದರೆ 27 ಸೆಂ.ಮೀ. ಅಗಲ, ನಿಮಿಷಕ್ಕೆ 50 ಮೀಟರ್ ನಡಿಗೆ, ಅಂದರೆ 13.5 ಚ.ಮೀ. ಒಂದು ಗುಂಟೆ 1,089 ಚದರಡಿ, ಸುಮಾರು 101 ಚ.ಮೀ. ತಿರುಗುವುದು, ಚೀಲ ಖಾಲಿ ಮಾಡುವುದು ಸೇರಿ ಅದರ ಎರಡರಷ್ಟು ಹೊತ್ತು ಹಿಡಿದರೆ ಗುಂಟೆಗೆ ಕಾಲು ಗಂಟೆ. ಇದರಲ್ಲಿ ಜನ ಹಾಳುಮಾಡಿಕೊಳ್ಳುವುದು ವೈರಿನಲ್ಲಿ. ತೆಳು ಫ್ಯಾನ್ ವೈರಿಗೆ ಪ್ಲಗ್ ಹಾಕಿ ಓಡಿಸಿದರೆ ವೈರು ಬಿಸಿಯಾಗಿ ಮೋಟರಿಗೆ ವೋಲ್ಟೇಜ್ ಸಾಲದೆ ಸುಡುತ್ತದೆ. 30 ಮೀಟರಿಗೆ 1.5 ಚ.ಮಿ.ಮೀ.ನ ಮೂರು ಎಳೆಯ ತಾಮ್ರದ ವೈರು, ಸಾಕೆಟ್ಟಿನ ಕಡೆಯ ತುದಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರುವ ಬೋರ್ಡು. ಸುತ್ತಿದ ವೈರನ್ನು ಪೂರ್ತಿ ಬಿಚ್ಚಿಯೇ ಓಡಿಸಿ, ಸುರುಳಿಯಲ್ಲೇ ಇದ್ದರೆ ಕಾಯುತ್ತದೆ. ಸಾಕೆಟ್ಟಿನ ಹತ್ತಿರದಿಂದ ಶುರುಮಾಡಿ ದೂರಕ್ಕೆ ಹೋದರೆ ವೈರು ಯಾವಾಗಲೂ ನಿಮ್ಮ ಬೆನ್ನ ಹಿಂದೆ ಇರುತ್ತದೆ. ಹುಲ್ಲು ಒದ್ದೆಯಿದ್ದರೆ ಇದನ್ನು ಮುಟ್ಟಲೇಬೇಡಿ.

ಪೆಟ್ರೋಲಿನ ದೊಡ್ಡ ಮೋವರ್ 25 ಕೆ.ಜಿ. ಮೇಲೆ ತೂಗುತ್ತದೆ, ಪ್ರತಿಸಲ ಆಟೋ ಬೇಕು. ಕ್ಯಾಂಪಿನ ದೊಡ್ಡ ಲಾನುಗಳು ಎರಡು ಮೂರು ಕಾಯಂ ಆಗದೆ ಬೇಡ. ಬ್ಯಾಟರಿ ಮಷೀನುಗಳೂ ಚೆನ್ನಾಗಿವೆ, ಆದರೆ ದಿನಕ್ಕೆ ಮೂರು ಮನೆ ಹಿಡಿಯುವವರಿಗೆ ಕನಿಷ್ಠ ಎರಡು ಬ್ಯಾಟರಿ ಬೇಕು, ಬೆಲೆಯೆಲ್ಲ ಬ್ಯಾಟರಿಯಲ್ಲೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಬ್ರಷ್ ಕಟರ್ ಪರೀಕ್ಷೆ

ಮಾರುವವರಿಗೆ ಫೋನಿನಲ್ಲೇ ಹೇಳಿ, "ನಾ ಬರೋತನಕ ಚಾಲೂ ಮಾಡಬ್ಯಾಡ್ರಿ." ಬಿಸಿ ಎಂಜಿನ್ ಎಲ್ಲ ರೋಗ ಮುಚ್ಚುತ್ತದೆ. ಹೋದ ಮೇಲೆ ಸೈಲೆನ್ಸರ್ ಮುಟ್ಟಿ ನೋಡಿ, ತಣ್ಣಗಿರಬೇಕು. ಸ್ಟಾರ್ಟರ್ ಹಗ್ಗದ ಹಿಡಿ ಹಿಡಿದು ಎಂಜಿನ್ನನ್ನು ನೆಲದಿಂದ ಮೆಲ್ಲಗೆ ಎತ್ತಿ. ಕಂಪ್ರೆಷನ್ (ಎಂಜಿನ್ನಿನೊಳಗೆ ಗಾಳಿ ಒತ್ತಿ ಹಿಡಿಯುವ ಬಲ) ಇದ್ದರೆ ಎಂಜಿನ್ ತೂಗಿ ನಿಲ್ಲುತ್ತದೆ, ಇಲ್ಲವೇ ತಡೆತಡೆದು ಇಳಿಯುತ್ತದೆ. ಸರ್ರನೆ ಜಾರಿದರೆ ರಿಂಗು, ಪಿಸ್ಟನ್ ಹೋಗಿವೆ.

ಪ್ಲಗ್ ಬಿಚ್ಚಿ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಒಳ್ಳೆಯದು, ಕಪ್ಪು ಒದ್ದೆಯಿದ್ದರೆ ಆಯಿಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಎಲ್ಲೋ ಗಾಳಿ ಸೋರಿ ಎಂಜಿನ್ ಕಾಯುತ್ತಿದೆ. ಟೂ ಸ್ಟ್ರೋಕ್ ಆದರೆ ಸೈಲೆನ್ಸರಿನ ಬೋಲ್ಟ್ ತೆಗೆದು ಹೊಗೆಬಾಯಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಬಹುದು. ಮೇಲಿಂದ ಕೆಳಗೆ ಗೀರು ಕಂಡರೆ ಅದು ಒಮ್ಮೆ ಹಿಡಿದುಕೊಂಡ ಎಂಜಿನ್, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಇದಕ್ಕೆ ಒಪ್ಪದ ಮಾಲೀಕರಿಂದ ಕೊಳ್ಳಬೇಡಿ.

ಆಮೇಲೆ ಚಾಲೂ ಮಾಡಿಸಿ. ಐಡಲಿನಲ್ಲಿ, ಅಂದರೆ ಥ್ರಾಟಲ್ ಒತ್ತದೆ ಎಂಜಿನ್ ಓಡುವಾಗ, ಬ್ಲೇಡು ತಿರುಗಬಾರದು. ತಿರುಗಿದರೆ ಐಡಲ್ ತಿರುಪು ಹೆಚ್ಚಿಟ್ಟಿರಬಹುದು, ಇಲ್ಲವೇ ಕ್ಲಚ್ಚಿನ ಸ್ಪ್ರಿಂಗ್ ಸೋತಿದೆ. ತಿರುಪು ಇಳಿಸಿದ ಮೇಲೂ ತಿರುಗುತ್ತಿದ್ದರೆ ಸ್ಪ್ರಿಂಗೇ. ಎಂಜಿನ್ ನಿಲ್ಲಿಸಿ ಬ್ಲೇಡನ್ನು ಮೇಲೆ ಕೆಳಗೆ ಅಲ್ಲಾಡಿಸಿ, ಕಟಕಟ ಅಂದರೆ ಗೇರ್ ಹೆಡ್ಡಿನ ಬೇರಿಂಗ್ ಹೋಗಿದೆ. ಇದು ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ಒಳ್ಳೆಯ ಕಾರಣ. ಕೊಂಡ ಮೇಲೆ ಪ್ರತಿ 25 ಗಂಟೆಗೆ ಗೇರ್ ಹೆಡ್ಡಿನ ಬದಿಯ ಬೋಲ್ಟ್ ತೆಗೆದು ಗ್ರೀಸ್ ತುಂಬಿ, ಏರ್ ಫಿಲ್ಟರ್ ತೊಳೆಯಿರಿ. ವಿಜಯಪುರದ ಧೂಳಿನಲ್ಲಿ ಫಿಲ್ಟರಿಗೆ 25 ಗಂಟೆ ಕಾಯಬೇಡಿ, ಪ್ರತಿದಿನ ಜಾಡಿಸಿ.

ಕೈ ಸಾಮಾನು, ಮೈ ರಕ್ಷಣೆ

ಎರಡು ಕೈಯ ಹೆಡ್ಜ್ ಕತ್ತರಿ, ಕಡ್ಡಿ ಕತ್ತರಿಸುವ ಸಿಕೇಟರ್, ಖುರಪಿ, ತಂತಿ ಹಲ್ಲಿನ ರೇಕ್, ಪೊರಕೆ, ಆರಡಿಯ ತಾಡಪತ್ರಿ, ನಾಲ್ಕು ಗೋಣಿಚೀಲ, ಒಂದು ಚಪ್ಪಟೆ ಅರ. ಲಾನಿನ ಅಂಚು ಕಡಿಯುವ ಅರ್ಧಚಂದ್ರದ ಸಲಿಕೆಯನ್ನು ಅಂಗಡಿಯಲ್ಲಿ ಹುಡುಕಬೇಕಿಲ್ಲ. ಲಾರಿಯ ಹಳೆಯ ಕಮಾನು ಪಟ್ಟಿ ಕೊಟ್ಟರೆ ಕಮ್ಮಾರರು ಬಡಿದು ಕೊಡುತ್ತಾರೆ, ಅದರ ಧಾರ ವರ್ಷಗಟ್ಟಲೆ ನಿಲ್ಲುತ್ತದೆ. ಬೆಳಗಾವಿಯವರಿಗೆ ಉದ್ಯಮಬಾಗಿನ ಲೇತ್, ವೆಲ್ಡಿಂಗ್ ಅಂಗಡಿಗಳಿವೆ. ಮುರಿದ ಹಿಡಿಕೆ, ಸವೆದ ಬುಷ್ ಇಂಥವಕ್ಕೆ ಹೊಸದು ತರಿಸುವ ಮುಂಚೆ ಅಲ್ಲಿ ಕೇಳಿ.

ಮುಖದ ಜಾಳಿಗೆಯ ಜೊತೆ ಕಣ್ಣಿಗೆ ಕನ್ನಡಕವೂ ಬೇಕು, ಸಣ್ಣ ಹರಳು ಜಾಳಿಗೆಯಲ್ಲಿ ತೂರುತ್ತದೆ. ಕಿವಿಗೆ ಇಯರ್ ಪ್ಲಗ್, ಕಾಲಿಗೆ ಗಟ್ಟಿ ಬೂಟು, ಮೊಣಕಾಲ ಕೆಳಗೆ ಗಾರ್ಡ್. ಕ್ರಿಕೆಟ್ ಆಡುವವರ ಹಳೆಯ ಪ್ಯಾಡೂ ಆಗುತ್ತದೆ. ಓಡುವ ಬ್ರಷ್ ಕಟರಿನಿಂದ 15 ಮೀಟರ್ ಒಳಗೆ ಯಾರೂ ಇರಬಾರದು. 30×40ರ ಪ್ಲಾಟಿನಲ್ಲಿ ಅಷ್ಟು ದೂರ ಸಿಗುವುದಿಲ್ಲ, ಹಾಗಾಗಿ ಮಕ್ಕಳನ್ನು ಒಳಗೆ ಕಳಿಸಿ, ಕಾರನ್ನು ಬೇರೆಡೆ ನಿಲ್ಲಿಸಲು ಹೇಳಿ, ಕಿಟಕಿ ಗಾಜಿನ ಕಡೆ ತಾಡಪತ್ರಿ ಹಿಡಿಸಿ. ಒಂದು ಕಾರಿನ ಗಾಜು ಒಡೆದರೆ ತಿಂಗಳ ಗಳಿಕೆ ಹೋಯಿತು. ಎತ್ತರದ ಹುಲ್ಲಿದ್ದ ಪ್ಲಾಟಿಗೆ ಇಳಿಯುವ ಮುಂಚೆ ಕೋಲಿನಿಂದ ಬಡಿಯುತ್ತ ಒಂದು ಸುತ್ತು ನಡೆಯಿರಿ. ಹಾವು ಸರಿದುಹೋಗುತ್ತದೆ, ಕಲ್ಲು, ತಂತಿ, ಬಾಟಲಿಯೂ ಕಣ್ಣಿಗೆ ಬೀಳುತ್ತವೆ. ತಂತಿ ಬ್ಲೇಡಿಗೆ ಸುತ್ತಿದರೆ ಎಂಜಿನ್ ನಿಲ್ಲಿಸಿಯೇ ಬಿಡಿಸಬೇಕು.

ವಸತಿ ಪ್ರದೇಶದ ಹಗಲಿನ ಸದ್ದಿಗೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ 55 ಡೆಸಿಬಲ್ ಮಿತಿಯಿದೆ, ಹಗಲೆಂದರೆ ಬೆಳಗಿನ 6ರಿಂದ ರಾತ್ರಿ 10. ಎಂಜಿನ್ ಸದ್ದು ಅದನ್ನು ಸುಲಭವಾಗಿ ದಾಟುತ್ತದೆ. ರವಿವಾರ ಒಂಬತ್ತರ ಮೊದಲು ಎಂಜಿನ್ ಬೇಡ, ಅಷ್ಟು ಹೊತ್ತಿಗೆ ಇಬ್ಬನಿಯೂ ಆರಿರುತ್ತದೆ. ಬೆಳಗಿನ ಹೊತ್ತನ್ನು ಹೆಡ್ಜ್ ಕತ್ತರಿಸಲು, ಅಂಚು ಕಡಿಯಲು ಬಳಸಿ.

ದುಡ್ಡಿನ ಲೆಕ್ಕ

ಒಂದು ಎಣಿಕೆ ಹಾಕೋಣ, ನಿಮ್ಮ ಅಂಗಡಿಯ ದರ ಹಾಕಿ ತಿದ್ದಿಕೊಳ್ಳಿ. ಫೋರ್ ಸ್ಟ್ರೋಕ್ ಬ್ರಷ್ ಕಟರಿಗೆ 20,000, ಕೈಮೋವರಿಗೆ 5,000, ಕೈ ಸಾಮಾನು ಮತ್ತು ರಕ್ಷಣೆಗೆ 5,000, ಒಟ್ಟು 30,000 ರೂಪಾಯಿ ಎಂದಿಟ್ಟುಕೊಳ್ಳಿ. ಗುಂಟೆಯ ಲಾನಿಗೆ 400 ರೂಪಾಯಿ ಸಿಕ್ಕಿ, ಪೆಟ್ರೋಲ್, ದಾರ, ಸವಕಳಿ, ಓಡಾಟಕ್ಕೆ 100 ಹೋದರೆ ಉಳಿಯುವುದು 300. ಹಾಕಿದ ದುಡ್ಡು ಮರಳಲು 100 ಲಾನ್. ಶನಿವಾರ ಎರಡು, ರವಿವಾರ ಮೂರು ಮಾಡಿದರೆ 20 ವಾರ. ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ಇರುವುದೇ ಸುಮಾರು 22 ವಾರ, ಅದರಲ್ಲಿ ಜಡಿಮಳೆಯ ವಾರಗಳು ಬೇರೆ. ಅಂದರೆ ಬೆಳಗಾವಿಯಲ್ಲಿ ಮಷೀನು ಕೊಳ್ಳುವ ಕಾಲ ಮೇ. ಆಗಸ್ಟ್ ಮುಗಿದ ಮೇಲೆ ಹೊಸ ಮಷೀನಿಗೆ ದುಡ್ಡು ಹಾಕಿದರೆ ಅದು ಮುಂದಿನ ವರ್ಷದ ತನಕ ಕೂರುತ್ತದೆ. ವಿಜಯಪುರದವರು ಆಗಸ್ಟಿನಲ್ಲಿ ಕೊಂಡರೂ ನಡೆಯುತ್ತದೆ.

ಸಾಲ ಬೇಕಾದರೆ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡವಿಲ್ಲದೆ ಕೊಡುತ್ತಾರೆ, ಅಂಗಡಿಯ ಕೊಟೇಶನ್ ಜೊತೆಗೆ ಬ್ಯಾಂಕಿನಲ್ಲಿ ಕೇಳಿ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಕೃಷಿ ಇಲಾಖೆಯ ಸಹಾಯಧನ ಹೊಲದ ಕೆಲಸಕ್ಕೆಂದು ರೈತರಿಗೆ ಇರುವುದು, ಅದನ್ನು ಈ ಕೆಲಸದ ಲೆಕ್ಕಕ್ಕೆ ಸೇರಿಸಬೇಡಿ.

ಹಂಗಾಮು ಮುಗಿದ ಮೇಲೆ

ಕೆಡುವ ಮಷೀನುಗಳಲ್ಲಿ ಬಹಳಷ್ಟು ಕೆಡುವುದು ಓಡುವಾಗಲ್ಲ, ನಿಂತಾಗ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಕಾರ್ಬೊರೇಟರಿನ ತೆಳು ಪೊರೆಯನ್ನು ಬಿರುಸಾಗಿಸುತ್ತದೆ. ಜೂನಿನಲ್ಲಿ ಎಷ್ಟು ಹಗ್ಗ ಎಳೆದರೂ ಚಾಲೂ ಆಗದಿರುವುದಕ್ಕೆ ಇದೇ ಮುಖ್ಯ ಕಾರಣ. ಹದಿನೈದು ದಿನಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ನವೆಂಬರಿನಲ್ಲಿ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿಗೆ ಪೆಟ್ರೋಲ್ ಎಳೆಯುವ ಪ್ರೈಮರ್ ಗುಂಡಿಯನ್ನು ಗಾಳಿ ಬರುವ ತನಕ ಒತ್ತಿ, ಉಳಿದ ಹನಿಯೂ ತೀರಿ ತಾನೇ ನಿಲ್ಲುವವರೆಗೆ ಎಂಜಿನ್ ಓಡಿಸಿ. ಪ್ಲಗ್ ಬಿಚ್ಚಿ ಎರಡು ಮೂರು ಹನಿ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಸಲ ಮೆಲ್ಲಗೆ ಎಳೆದು ಪ್ಲಗ್ ಮುಚ್ಚಿ. ಜಿಎಕ್ಸ್35ರ ಪ್ಲಗ್ ಗ್ಯಾಪ್ (ತುದಿಯ ಕಿಡಿ ಹಾರುವ ಸಂದು) 0.6ರಿಂದ 0.7 ಮಿ.ಮೀ., ಅದನ್ನೂ ಆಗಲೇ ನೋಡಿಬಿಡಿ.

ಬ್ಲೇಡುಗಳನ್ನು ತೊಳೆಯುವುದು ಹಂಗಾಮಿನ ಕೊನೆಗಷ್ಟೇ ಅಲ್ಲ, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆಯೂ ಬೇಕು. ಪ್ಲಾಟಿನ ಕಾಂಗ್ರೆಸ್ ಬೀಜ ಮೆತ್ತಿದ ಮಷೀನನ್ನು ಚೊಕ್ಕ ಲಾನಿಗೆ ಇಳಿಸಿದರೆ ಎರಡು ತಿಂಗಳಲ್ಲಿ ಅಲ್ಲಿ ಅದರ ಸಸಿ ಏಳುತ್ತದೆ. ಕರೆಂಟು, ಪೆಟ್ರೋಲ್ ಮೋವರಿನ ಅಡ್ಡ ಬ್ಲೇಡನ್ನು ಅರದಿಂದ ಉಜ್ಜಿದ ಮೇಲೆ ನಡುತೂತನ್ನು ಗೋಡೆಯ ಮೊಳೆಗೆ ತೂಗುಹಾಕಿ ನೋಡಿ. ಒಂದು ಬದಿ ಕೆಳಗಿಳಿದರೆ ಆ ಬದಿ ಭಾರ, ಅದರ ಹಿಂಭಾಗವನ್ನು ಇನ್ನಷ್ಟು ಉಜ್ಜಿ. ಎರಡೂ ತುದಿ ಸಮ ನಿಂತ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಗೋಣಿಚೀಲದಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಮೊಳೆಗೇ ಬಿಡಿ.